ಮೆಂಬರಕ್ಕನ ಹೆಸರಿನ ಮುಂದೆ

ದೊಡ್ಡವರ ಓದನ್ನು ಅಳೆಯುವ ಕೆಲಸ ನನ್ನ ಪಾಲಿಗೆ ಬಂದದ್ದು, ಬೇಡ ಎನ್ನುವ ಧೈರ್ಯ ನನಗಿಲ್ಲದ ಕಾರಣಕ್ಕೆ. ಕವಲೇದುರ್ಗದ ಬುಡದ ಊರೊಂದರ ಸಣ್ಣ ಶಾಲೆಯಲ್ಲಿ ನಾನು ಟೀಚರು. ತವರು ಸಾಗರ, ಮನೆ ತೀರ್ಥಹಳ್ಳಿಯಲ್ಲಿ. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಮಕ್ಕಳನ್ನು ಓದಿಸಿ ನೋಡುವುದು ನನಗೆ ಕೈಗೆ ಕೂತ ಕೆಲಸ. ಆದರೆ ಅಮ್ಮನ ವಯಸ್ಸಿನವರನ್ನು ಎದುರಿಗೆ ಕೂರಿಸಿಕೊಂಡು ‘ಇದನ್ನು ಓದಿ’ ಎನ್ನುವುದು ಹೇಗೆಂದು ತಿಳಿಯಲಿಲ್ಲ.

ಸಾಕ್ಷರತಾ ಆಫೀಸಿನವರು ಒಂದು ದಿನದ ತರಬೇತಿ ಕೊಟ್ಟು ನಾಲ್ಕು ಕಾರ್ಡು ಕೈಗಿತ್ತರು. ಮೊದಲನೆಯದರಲ್ಲಿ ಬಿಡಿ ಅಕ್ಷರ, ಎರಡನೆಯದರಲ್ಲಿ ಪದ, ಮೂರನೆಯದರಲ್ಲಿ ವಾಕ್ಯ, ನಾಲ್ಕನೆಯದರಲ್ಲಿ ಒಂದು ಪ್ಯಾರಾ ಮತ್ತು ಅದರ ಮೇಲೆ ಎರಡು ಪ್ರಶ್ನೆ. ಯಾವ ಕಾರ್ಡಿನವರೆಗೆ ಓದುತ್ತಾರೋ ಅದು ಅವರ ಮಟ್ಟ. ತಡವರಿಸಿದರೆ ಹೇಳಿಕೊಡಬಾರದು; ಮನಸ್ಸಿನಲ್ಲೇ ಹತ್ತು ಎಣಿಸಿ ಕಾರ್ಡು ತೆಗೆದುಕೊಳ್ಳಬೇಕು.

ಒಂದು ಭಾನುವಾರ ಶಾಲೆಯಲ್ಲೇ ಪರೀಕ್ಷೆ ಇಟ್ಟುಕೊಂಡೆವು. ಬಂದವರಲ್ಲಿ ಅರ್ಧ ಜನ ಕನ್ನಡಕ ಮರೆತು ಬಂದಿದ್ದೇವೆ ಎಂದರು. ಒಬ್ಬ ಹಿರಿಯರು ಪ್ಯಾರಾವನ್ನು ನೀರು ಕುಡಿದಂತೆ ಓದಿ ಮುಗಿಸಿದರು, ಆದರೆ ಓದಿದ್ದೇನು ಎಂದು ಕೇಳಿದರೆ ಒಂದೂ ಹೇಳಲಾಗಲಿಲ್ಲ. ಇನ್ನೊಬ್ಬಾಕೆಗೆ ಮೊದಲ ಕಾರ್ಡಿನಲ್ಲಿ ‘ಹೊ’ ಗುರುತೇ ಸಿಗಲಿಲ್ಲ. ಎರಡನೆಯದರಲ್ಲಿ ‘ಹೊಸನಗರ’ ಎಂದಿದ್ದದ್ದನ್ನು ಥಟ್ಟನೆ ಓದಿದರು. ಅವರ ತವರಿಗೆ ಹೋಗುವ ಬಸ್ಸಿನ ಬೋರ್ಡು ಅದು. ಅವರನ್ನು ಯಾವ ಮಟ್ಟಕ್ಕೆ ಹಾಕುವುದು? ಪೆನ್ನು ಹಿಡಿದುಕೊಂಡು ಎಷ್ಟೋ ಹೊತ್ತು ಕೂತಿದ್ದೆ. ಒಂದು ಪದ ಬರೆದು ಒಬ್ಬರ ಹಣೆಗೆ ಅಂಟಿಸುತ್ತಿದ್ದೇನೆ ಅನ್ನಿಸುತ್ತಿತ್ತು.

ಎಲ್ಲರೂ ಹೋದ ಮೇಲೆ ಉಳಿದದ್ದು ಮೆಂಬರಕ್ಕ. ಗ್ರಾಮ ಪಂಚಾಯಿತಿ ಸದಸ್ಯೆಯಾದ ಅವರನ್ನು ಊರೆಲ್ಲ ಹಾಗೇ ಕರೆಯುತ್ತಿತ್ತು. ಐವತ್ತು ದಾಟಿದವರು. ಬೆಳಿಗ್ಗೆ ಪರೀಕ್ಷೆಯನ್ನು ಉದ್ಘಾಟಿಸಿ, ಓದು ಕಲಿಯಲು ನಾಚಿಕೆ ಬೇಡ ಎಂದು ಭಾಷಣ ಮಾಡಿದ್ದವರೂ ಅವರೇ. ಅವರ ಸಹಿ ಕೊನೆಯಲ್ಲಿ ಸುರುಳಿ ಸುತ್ತಿಕೊಂಡು ಬಹಳ ಚಂದ ಇರುತ್ತಿತ್ತು.

“ಬಾಗಿಲು ಸ್ವಲ್ಪ ಹಾಕ್ತೀರಾ ಟೀಚ್ರೇ? ನಂದೂ ಒಂದು ನೋಡಿ” ಎಂದರು.

ಅಕ್ಷರಗಳನ್ನು ಸಲೀಸಾಗಿ ಹೇಳಿದರು. ಪದಗಳನ್ನು ಬೆರಳಿಟ್ಟು, ಒಂದೊಂದಾಗಿ ಕೂಡಿಸಿಕೊಂಡು ಓದಿದರು. ಮೂರನೆಯ ಕಾರ್ಡಿನಲ್ಲಿ ಹೊಳೆ ತುಂಬುತ್ತದೆ ಎಂಬ ವಾಕ್ಯ ಬಂತು. ‘ತುಂಬು’ ಎಂದವರು ಅಲ್ಲೇ ನಿಂತರು. ನಾನು ಎಣಿಸತೊಡಗಿದೆ. ಅವರ ಮೇಲ್ದುಟಿಯ ಮೇಲೆ ಬೆವರು ಕೂತಿತ್ತು. ಒತ್ತಕ್ಷರ ಕಂಡರೆ ಕಣ್ಣು ಕಟ್ಟಿದ ಹಾಗಾಗುತ್ತದೆ ಎಂದು ಕೊನೆಗೆ ಅವರೇ ಕಾರ್ಡು ಮಗುಚಿಟ್ಟರು. ಮೂರನೇ ಕ್ಲಾಸಿಗೆ ಶಾಲೆ ಬಿಡಿಸಿದ್ದರಂತೆ. ಪಂಚಾಯಿತಿಯಲ್ಲಿ ಯಾರಾದರೂ ಓದಿ ಹೇಳಿದ್ದನ್ನು ನಂಬಿ ಸಹಿ ಹಾಕುತ್ತಿದ್ದರಂತೆ.

ಅವರ ಹೆಸರಿನ ಮುಂದೆ ‘ಪದ’ ಎಂದು ಬರೆದೆ.

“ಇದನ್ನ ಯಾರ್ಯಾರು ನೋಡ್ತಾರೆ?”

“ಆಫೀಸಿನವ್ರು ಮಾತ್ರ ಅಕ್ಕ” ಎಂದೆ.

ಪಟ್ಟಿಯ ಫೋಟೋ ತೆಗೆದು ಅವತ್ತೇ ಮೇಲ್ವಿಚಾರಕರ ವಾಟ್ಸ್‌ಆಪ್ ಗುಂಪಿಗೆ ಹಾಕಬೇಕಿತ್ತು. ಶಾಲೆಯ ಹತ್ತಿರ ನೆಟ್‌ವರ್ಕ್ ಇಲ್ಲ, ಬಸ್ ಸ್ಟಾಪಿಗೆ ಬಂದರೆ ಸಿಗುತ್ತದೆ. ಬಸ್ಸು ತಿರುವಿನಲ್ಲಿ ಕಾಣಿಸಿತು, ಅವಸರದಲ್ಲಿ ಕಳಿಸಿ ಹತ್ತಿದೆ. ಸೀಟಿನಲ್ಲಿ ಕೂತು ಒಂದು ನಿಮಿಷವಾಗಿರಬಹುದು, ಫೋನು ಸದ್ದು ಮಾಡಿತು. ಊರಿನವರೊಬ್ಬರು ‘ನಮ್ಮ ಮನೆಯವಳದ್ದು ಅಕ್ಷರ ಅಷ್ಟೇನಾ ಮೇಡಂ’ ಎಂದು ಕೇಳಿದ್ದರು. ಅವರಿಗೆ ಅದು ಹೇಗೆ ಗೊತ್ತಾಯಿತೆಂದು ಗುಂಪಿನ ಹೆಸರು ನೋಡಿದೆ. ಫೋಟೋ ಹೋದದ್ದು ಊರಿನ ಗುಂಪಿಗೆ. ಎರಡು ಗುಂಪಿನ ಡಿಪಿಯೂ ಶಾಲೆಯ ಚಿತ್ರವೇ ಆಗಿತ್ತು.

ಅಳಿಸಲು ಒತ್ತಿದೆ. ಬಸ್ಸು ಆಗಲೇ ಕಾಡಿನ ರಸ್ತೆಗೆ ಇಳಿದಿತ್ತು, ನೆಟ್‌ವರ್ಕ್ ಹೋಯಿತು. ಫೋನನ್ನು ಕಿಟಕಿಯಾಚೆ ಹಿಡಿದೆ. ಪಕ್ಕದವರು ಬಿದ್ದುಹೋಗುತ್ತದೆ ಎಂದರೂ ಕೇಳಲಿಲ್ಲ. ಅಳಿಸಿ ಆಯಿತು ಎಂದು ತೋರಿಸಿದಾಗ ತೀರ್ಥಹಳ್ಳಿ ಬಂದೇ ಬಿಟ್ಟಿತ್ತು. ಅಷ್ಟರಲ್ಲಿ ಗುಂಪಿನ ಎಷ್ಟೋ ಜನ ನೋಡಿಯಾಗಿತ್ತು.

ಮೆಂಬರಕ್ಕನಿಗೆ ಮೆಸೇಜು ಬರೆಯಲು ಹೋಗಿ, ಅವರು ಅದನ್ನು ಯಾರ ಕೈಲಿ ಓದಿಸಬೇಕಾದೀತೋ ಎಂದು ಹೊಳೆದು, ಬರೆದದ್ದನ್ನೆಲ್ಲ ಅಳಿಸಿದೆ. ಫೋನ್ ಮಾಡಲು ಧೈರ್ಯ ಬರಲಿಲ್ಲ. ಮರುದಿನ ಮೊದಲ ಬಸ್ಸಿಗೆ ಹೋಗಿ, ಶಾಲೆಗೂ ಮುಂಚೆ ಅವರ ಮನೆಯ ಮುಂದೆ ನಿಂತೆ. ಅವರು ಅಂಗಳದಲ್ಲಿ ಹಾಲಿನ ಕ್ಯಾನು ತೊಳೆಯುತ್ತಿದ್ದರು. ಒಳಗೆ ಬನ್ನಿ ಎನ್ನಲಿಲ್ಲ.

“ನನ್ನಿಂದ ಒಂದು ತಪ್ಪಾಯ್ತು ಅಕ್ಕ” ಎಂದೆ.

“ನೋಡಿದೆ” ಎಂದರು.

ಯಾರು ತೋರಿಸಿದರು ಎಂದು ಕೇಳಿದೆ.

“ಯಾರೂ ತೋರಿಸ್ಲಿಲ್ಲ. ನನ್ನ ಹೆಸ್ರು ನಾನೇ ಹುಡುಕಿ ಓದಿದೆ. ಅದರ ಮುಂದೆ ನೀವು ಬರ್ದಿದ್ದನ್ನೂ ಓದಿದೆ.”

ಗುಂಪಿನಲ್ಲಿ ಎಲ್ಲರ ಕ್ಷಮೆ ಕೇಳುತ್ತೇನೆ ಎಂದೆ. ಬೇಡ ಎಂದರು. ಅಳಿಸಿದ್ದೇ ಹೆಚ್ಚು ತೊಂದರೆಯಾಯಿತಂತೆ. ನೋಡದೆ ಇದ್ದವರೆಲ್ಲ ಅದರಲ್ಲಿ ಎಂತ ಇತ್ತು ಎಂದು ನಿನ್ನೆಯಿಂದ ವಿಚಾರಿಸುತ್ತಿದ್ದಾರಂತೆ. ಕ್ಯಾನನ್ನು ಕಟ್ಟೆಯ ಮೇಲೆ ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡರು.

“ಆಫೀಸಿನವ್ರು ಮಾತ್ರ ನೋಡ್ತಾರೆ ಅಂದಿದ್ರಿ.”

ಅಷ್ಟು ಹೇಳಿ ಒಳಗೆ ಹೋದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಹತ್ತು ದಿನ ಬಿಟ್ಟು ನಮ್ಮ ಶಾಲೆಯಲ್ಲೇ ಗ್ರಾಮಸಭೆ ಇತ್ತು. ಆ ಹತ್ತು ದಿನವೂ ನನಗೆ ಅನ್ನ ಸೇರಲಿಲ್ಲ. ಯಾರೋ ಎದ್ದು ಅವರನ್ನು ಕೆಣಕುತ್ತಾರೆ, ಅವರು ರಾಜೀನಾಮೆ ಕೊಡುತ್ತಾರೆ ಎಂದೆಲ್ಲ ಮನಸ್ಸು ಓಡುತ್ತಿತ್ತು. ಸಭೆಯ ದಿನ ಹಿಂದಿನ ಬೆಂಚಿನ ತುದಿಯಲ್ಲಿ ಕೂತೆ.

ಮೇಲಿನ ಕೇರಿಯವರು ಹಳ್ಳ ದಾಟಲು ಕಾಲುಸಂಕ ಬೇಕೆಂದು ಅರ್ಜಿ ಕೊಟ್ಟಿದ್ದರು. ಅಂಥವನ್ನು ಪಂಚಾಯಿತಿ ಅಧಿಕಾರಿ ಓದುವುದು ರೂಢಿ. ಅವರು ಕಾಗದ ಬಿಡಿಸುವಾಗ ಮೆಂಬರಕ್ಕ ಎದ್ದು ಕೈ ಚಾಚಿ ಇಸಕೊಂಡರು. ಬೆರಳಿಟ್ಟುಕೊಂಡು ಓದಲು ಶುರು ಮಾಡಿದರು. ಎರಡನೆಯ ಸಾಲಿಗೆ ಹಿಂದಿನಿಂದ ಯಾರೋ ಕಿಸಕ್ಕೆಂದರು. ಅರ್ಜಿ ಬರೆದವರು ತಾವೇ ಓದುತ್ತೇನೆಂದು ಎದ್ದರು. ಮೆಂಬರಕ್ಕ ಅಂಗೈ ತೋರಿಸಿ ಕೂರಿಸಿದರು. ಒಂದು ಕಡೆ ಪೂರ್ತಿ ನಿಂತೇಬಿಟ್ಟರು. ಕಾಗದವನ್ನು ಬೆಳಕಿಗೆ ಹಿಡಿದು, “ಇದು ಎಂತ ಬರ್ದಿದ್ದು ಮಾರಾಯ್ರೇ, ಅಕ್ಷರ ನೆಟ್ಟಗಿಲ್ವಲ್ಲ” ಎಂದರು. ಜನ ನಕ್ಕರು, ಬರೆದವರೂ ನಕ್ಕರು. ಅರ್ಧ ಪುಟದ ಅರ್ಜಿ ಮುಗಿಯಲು ಬಹಳ ಹೊತ್ತು ಹಿಡಿಯಿತು. ನಡುವೆ ಎರಡು ಪದ ಬಿಟ್ಟುಹೋದವು; ಅದು ನನಗೆ ಗೊತ್ತಾದದ್ದು ಮುಂದೆ ಆ ಅರ್ಜಿ ಸೂಚನಾ ಫಲಕಕ್ಕೆ ಬಂದಾಗ.

ಕೂರುವ ಮೊದಲು ಅಧಿಕಾರಿಯ ಕಡೆ ತಿರುಗಿ, “ಇನ್ಮೇಲೆ ನನ್ನ ಸಹಿ ಬೇಕಾದ್ರೆ ನಾನು ಓದೋ ತನಕ ಕಾಯ್ಬೇಕು. ತಡ ಆಗ್ತದೆ” ಎಂದರು. ಅಧಿಕಾರಿ ವಾಚು ನೋಡಿಕೊಂಡರು, ಸರಿ ಎಂದರು.

ಆಮೇಲೆ ಅವರು ಓದಲು ಕಲಿಯಹೋದದ್ದು ಅಂಗನವಾಡಿ ಟೀಚರ ಹತ್ತಿರ, ನನ್ನ ಹತ್ತಿರ ಅಲ್ಲ. ಮುಂದಿನ ಸುತ್ತಿನ ಪರೀಕ್ಷೆಯಲ್ಲಿ ಅವರನ್ನು ಬೇರೆಯವರಿಗೆ ವಹಿಸಿ ಎಂದು ನಾನೇ ಕೇಳಿಕೊಂಡೆ. ಆಮೇಲೆ ಬಂದ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ‘ವಾಕ್ಯ’ ಎಂದಿತ್ತು. ಪ್ಯಾರಾ ಇನ್ನೂ ದಾಟಿಲ್ಲ. ಅಭಿನಂದನೆ ಹೇಳಬೇಕೆಂದು ನಾಲಿಗೆ ತುದಿಗೆ ಬಂದರೂ, ಪಟ್ಟಿ ನೋಡಿದ್ದೇನೆಂದು ಹೇಳಿದ ಹಾಗಾಗುತ್ತದಲ್ಲ ಎಂದು ಹೇಳಲಿಲ್ಲ. ದಾರಿಯಲ್ಲಿ ಸಿಕ್ಕರೆ ನಿಂತು ಮಾತಾಡುತ್ತಾರೆ, ಬಸ್ಸು ಬಂತಾ ಎಂದು ಕೇಳುತ್ತಾರೆ. ನಾನು ಬಂತು ಎನ್ನುತ್ತೇನೆ, ಅವರು ತಮ್ಮ ದಾರಿ ಹಿಡಿಯುತ್ತಾರೆ.