ಚನ್ನರಾಯಪಟ್ಟಣಕ್ಕೆ ಬಂದ ಹೊಳೆ

ನಾನು ನೋಡುವುದು ನೀಲಿ ಪಟ್ಟಿಯ ನ್ಯೂಸ್ ಚಾನೆಲ್. ಮಳೆಗಾಲದ ಒಂದು ಸಂಜೆ ಹಾಸನದ ನಮ್ಮ ಮನೆಯಲ್ಲಿ ಕಾಫಿ ಹಿಡಿದು ನೋಡುತ್ತಿದ್ದೆ. ಸೇತುವೆಯಡಿ ಕೆಂಪು ನೀರು ಭೋರ್ಗರೆಯುತ್ತಿತ್ತು. ಕೆಳಗೆ ದಪ್ಪಕ್ಷರದಲ್ಲಿ, ಚನ್ನರಾಯಪಟ್ಟಣದಲ್ಲಿ ಉಕ್ಕಿ ಹರಿದ ಹೇಮಾವತಿ ಅಂತ ಬಂತು.

ಚನ್ನರಾಯಪಟ್ಟಣ ನನ್ನ ತವರು. ಅಲ್ಲಿರುವುದು ಕೆರೆ. ಆ ಸೇತುವೆ ಹೊಳೆನರಸೀಪುರದ್ದು, ನನ್ನ ಓರಗಿತ್ತಿಯ ಮನೆಯಿಂದ ಕೂಗಳತೆಯಲ್ಲಿದೆ. ಮದುವೆಯಾದಾಗಿನಿಂದ ಅವಳು ನನ್ನನ್ನು ರೇಗಿಸುವುದೇ ಹೊಳೆಯಿಲ್ಲದ ಊರಿನವಳು ಅಂತ. ಈಗ ಇಡೀ ಕರ್ನಾಟಕದ ಮುಂದೆ ನಮ್ಮೂರಿಗೆ ಹೊಳೆ ಬಂದಿತ್ತು. ಫೋನ್ ಮಾಡಿದೆ.

"ಅಕ್ಕ, ನಮ್ಮೂರ ಹೊಳೆ ನೋಡಿದ್ಯಾ?"

ನೋಡಿದ್ದಳು. ಫೋನ್ ಇಟ್ಟುಬಿಟ್ಟಳು.

ಅವಳು ನೋಡುವುದು ಕೆಂಪು ಪಟ್ಟಿಯ ಚಾನೆಲ್. ಕಾರಣ ಕೇಳಿದರೆ ನಗುತ್ತೀರಿ. ಅವಳ ಬೀದಿಯ ದೇವಸ್ಥಾನ ತೋರಿಸುವಾಗ ಹಿಂದೆ ಅವಳು ಒಣಗಹಾಕಿದ್ದ ಹಸಿರು ಸೀರೆ ಒಂದು ಕ್ಷಣ ಕಂಡಿತ್ತು. ಅಂದಿನಿಂದ ಅದು ಹೇಳಿದ್ದೆಲ್ಲ ವೇದವಾಕ್ಯ. ನನ್ನದೇನು ದೊಡ್ಡ ಸಿದ್ಧಾಂತ ಅಂದುಕೊಳ್ಳಬೇಡಿ. ನೀಲಿಯಲ್ಲಿ ಸುದ್ದಿ ಓದುವ ಹುಡುಗ ಹಾಸನವನ್ನು ಆಸನ ಮಾಡುವುದಿಲ್ಲ, ಅಷ್ಟೇ. ಲಾಯಲ್ಟಿ ಈಸ್ ಎ ವರ್ಚ್ಯೂ ಅಂತ ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಯಾರಿಗೆ ನಿಷ್ಠರಾಗಿರಬೇಕು ಅಂತ ಹೇಳಿರಲಿಲ್ಲ.

ಗೌರಿಹಬ್ಬ ಹತ್ತಿರ ಬಂತು. ಪ್ರತಿವರ್ಷ ಅವಳು ಹಾಸನಕ್ಕೆ ಬಂದು ನನಗೆ ಮೊರದ ಬಾಗಿನ ಕೊಟ್ಟು, ನನ್ನದು ತೆಗೆದುಕೊಂಡು ಹೋಗಬೇಕು. ಎಂದೂ ತಪ್ಪಿದ್ದಿಲ್ಲ. ಈ ಸಲ ಭಾವನವರ ಕೈಲಿ ಫೋನ್ ಮಾಡಿಸಿದಳು: ಹೊಳೆಗಳ್ಳರ ಚಾನೆಲ್ ಹಾಕೋ ಮನೆಗೆ ಕಾಲಿಡುವುದಿಲ್ಲವಂತೆ. ಪಾಪ, ಭಾವ ಹೆಡ್‌ಲೈನ್ಸ್ ಓದುವವರ ಹಾಗೆ ಓದಿ ಮುಗಿಸಿದರು.

ನಕ್ಕೆ. ಆಮೇಲೆ ಮೊರಕ್ಕೆ ಬಳೆ, ಬಿಚ್ಚೋಲೆ, ಬೆಲ್ಲ ಜೋಡಿಸುವಾಗ ನಗು ಬರಲಿಲ್ಲ. ನನ್ನನ್ನು ಇನ್ನೂ 'ಕಣೇ' ಅನ್ನುವವಳು ಈ ಪ್ರಪಂಚದಲ್ಲಿ ಅವಳೊಬ್ಬಳೇ. ಮಿಕ್ಕವರಿಗೆಲ್ಲ ನಾನು ಅಜ್ಜಿ, ಆಂಟಿ, ಮೇಡಮ್.

ಹಬ್ಬದ ಬೆಳಿಗ್ಗೆ, ಬಂದರೆ ಬರಲಿ ಅಂತ, ಟಿವಿಗೆ ಕೆಂಪು ಚಾನೆಲ್ ಹಾಕಿ ಬಾಗಿಲು ತೆಗೆದಿಟ್ಟೆ. ದಟ್ ವಾಸ್ ಮೈ ವೈಟ್ ಫ್ಲ್ಯಾಗ್.

ಬಂದಳು. ಒಂದು ಕೈಯಲ್ಲಿ ಕೊಡೆ, ಕಂಕುಳಲ್ಲಿ ಬಟ್ಟೆ ಸುತ್ತಿದ ಮೊರ. ಹೊಸ್ತಿಲಲ್ಲಿ ನಿಂತು ನನ್ನನ್ನಲ್ಲ, ಟಿವಿಯನ್ನು ನೋಡಿದಳು. ಮುಖ ಇಳಿದುಹೋಯಿತು.

"ಇದೇನೇ ಇದು?"

"ನಿನ್ನ ಚಾನೆಲ್ಲೇ ಅಕ್ಕ. ಒಳಗೆ ಬಾ."

"ತೆಗಿ ಅತ್ಲಾಗೆ. ಬಸ್ ಹತ್ತಿದಾಗಿನಿಂದ ನಿನ್ನ ಚಾನೆಲ್ಲಿಗೆ ಬೈಗುಳ ಜೋಡಿಸ್ಕೊಂಡ್ ಬಂದಿದೀನಿ ಕಣೇ. ಎಲ್ಲಾ ದಂಡ ಮಾಡ್ಲಾ?"

ನೀಲಿ ಹಾಕಿದೆ. ಅವಳ ಮುಖ ಅರಳಿತು. ಆ ಹುಡುಗನ ಕೋಟು, ಕ್ರಾಪು, ಅವನನ್ನು ಓದಿಸಿದ ಮೇಷ್ಟರು, ಯಾರನ್ನೂ ಬಿಡಲಿಲ್ಲ. ನಾನು ಅವನ ಲಾಯರ್ ಆದೆ. ಸೆರಗಿನಲ್ಲಿ ಮೊರ ಹಿಡಿದು ಬಾಗಿನ ಕೊಡುವಾಗಲೂ ಅವಳ ಕಣ್ಣು ಟಿವಿ ಮೇಲೇ.

ಅಷ್ಟರಲ್ಲಿ ಅರಕಲಗೂಡು ಬಸ್ ನಿಲ್ದಾಣದ ಸುದ್ದಿ ಬಂತು. ತೋರಿಸಿದ್ದು ನಮ್ಮ ಹಾಸನದ ಬಸ್ ಸ್ಟ್ಯಾಂಡು. ನಾನು ದಿನಾ ಹಣ್ಣು ಕೊಳ್ಳುವ ಜಾಗ. ನನ್ನ ಮೈ ಉರಿದುಹೋಯಿತು. ಅವಳು ನಕ್ಕ ರಭಸಕ್ಕೆ ನಮ್ಮಿಬ್ಬರ ಕೈ ನಡುವಿನ ಮೊರದೊಳಗೆ ಬಳೆಗಳು ಘಲಘಲ ಅಂದವು. ನಾನು ಎಷ್ಟು ಹೊತ್ತು ತಡೆಯಲಿ? ನನಗೂ ನಗು ಬಂದುಬಿಟ್ಟಿತು.

ನಕ್ಕರೂ ಸಿಟ್ಟು ಇಳಿಯದೆ, ಬಾಗಿನ ಇಳಿಸಿ ಚಾನೆಲ್ ಬದಲಿಸಲು ರಿಮೋಟ್ ತೆಗೆದುಕೊಂಡೆ. ಅವಳು ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇರ್ಲಿ ಬಿಡೇ. ಇನ್ನೂ ಊಟ ಇದೆ, ಈಗ ಇಬ್ರೂ ಸೇರಿ ಬೈಬೋದು."