ಎಣ್ಣೆಯದಲ್ಲದ ಕಲೆ

ನನ್ನ ಸೋದರತ್ತೆಯ ಕೊರಳಲ್ಲಿ ಸರವಿಲ್ಲದ ದಿನ ಕಂಡಿದ್ದೇನೆ, ಅಳತೆಯ ಟೇಪಿಲ್ಲದ ದಿನ ಕಂಡಿಲ್ಲ. ಬೀದಿಗೆಲ್ಲ ಅವಳು ಟೇಪತ್ತೆ. ಅವಳ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಚ್ಚುವುದು, ಯಂತ್ರಗಳಿಗೆ ಎಣ್ಣೆ ಬಿಡುವುದು ನನ್ನ ಸಂಬಳದ ಕೆಲಸ. ಒಮ್ಮೆ ನಂಬಿ ಕಾಲರ್ ಹೊಲಿಯಲು ಕೊಟ್ಟಿದ್ದಳು. ಆ ಅಂಗಿ ತೊಟ್ಟ ಗಿರಾಕಿ ಇಡೀ ದಿನ ಎಡಕ್ಕೇ ನೋಡುತ್ತಿದ್ದನಂತೆ.

ಅತ್ತೆಗೆ ನಯದ ಮಾತು ಬಾರದು. ಗಿರಾಕಿ ಹೊಟ್ಟೆ ಒಳಗೆಳೆದುಕೊಂಡು ನಿಂತರೆ, "ಉಸಿರು ಬಿಡ್ರೀ, ಅಂಗಿ ಹಾಕ್ಕೊಂಡ್ಮೇಲೂ ಹೀಗೇ ನಿಂತಿರ್ತೀರಾ?" ಎಂದುಬಿಡುತ್ತಾಳೆ. ಮುದ್ದೆಲ್ಲ ಚಿಂದಿ ರಾಶಿಯ ಮೇಲೆ ಮಲಗುವ ಬೂದು ಬೆಕ್ಕಿಗೆ ಮೀಸಲು. ಅದನ್ನು ಕರೆಯುವುದು "ಮಗಳೇ" ಎಂದು.

ಬೆದೆಗೆ ಬಂದಾಗ ಮಗಳು ಊರಿಗೆಲ್ಲ ಕೇಳುವಂತೆ ಕೂಗಿದ್ದಳು. ಕೆಲವು ವಾರ ಕಳೆದು ಹೊಟ್ಟೆ ಉಬ್ಬತೊಡಗಿತು. ಅತ್ತೆ ಕೊರಳಿನ ಟೇಪು ತೆಗೆದು ಆ ಹೊಟ್ಟೆಗೆ ಸುತ್ತಿ, "ಅಜ್ಜಿ ಆಗ್ತೀನಿ ಕಣೋ!" ಎಂದಳು. ರಟ್ಟಿನ ಪೆಟ್ಟಿಗೆಗೆ ಮೆತ್ತನೆಯ ಚಿಂದಿ ತುಂಬಿ ಬಾಣಂತಿಕೋಣೆ ಸಿದ್ಧವಾಯಿತು.

ಅದೇ ಹೊತ್ತಿಗೆ ಬಟ್ಟೆಗಳ ಮೇಲೆ ಕಂದು ಕಲೆಗಳು ಬಿದ್ದವು.

"ಲೋ, ಮೆಷಿನ್ನಿಗೆ ಎಣ್ಣೆ ಬಿಡು ಅಂದ್ರೆ ಅಭ್ಯಂಜನ ಮಾಡಿಸ್ತೀಯಾ?"

ನನ್ನ ಕೈಗುಣ ನನಗೂ ಗೊತ್ತಿದ್ದರಿಂದ ತಲೆ ತಗ್ಗಿಸಿದೆ. ಅತ್ತೆ ಎಣ್ಣೆ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಜಡಿದಳು.

ಯಂತ್ರಗಳು ಕಿರುಗುಟ್ಟತೊಡಗಿದವು. ಬೆಕ್ಕು ಮೀನು ಮುಟ್ಟಲಿಲ್ಲ. ಇಸ್ತ್ರಿಗೆ ಚಿಮುಕಿಸಲು ಇಟ್ಟ ನೀರನ್ನು ಮಾತ್ರ ಬಟ್ಟಲುಗಟ್ಟಲೆ ಕುಡಿಯಿತು.

"ಬಸುರಿಗೆ ಬಾಯಾರಿಕೆ," ಎಂದಳು ಅತ್ತೆ.

"ಬಾಲದಡಿ ನೆಕ್ತಾನೇ ಇದೆಯಲ್ಲ?"

"ಶುಚಿ ಕಣೋ, ನಿನ್ನ ಹಾಗಲ್ಲ."

ಒಂದು ಬೆಳಿಗ್ಗೆ ಬಿಳಿ ಲೈನಿಂಗ್ ಬಟ್ಟೆಯ ಮೇಲೆ ಹಸಿ ಕಲೆ. ಅತ್ತೆ ಬಾಯಿ ತೆರೆಯುವ ಮೊದಲೇ ನಾನಂದೆ, "ಬೀರುವಿನ ಬೀಗದ ಕೈ ನಿನ್ನ ಸೊಂಟದಲ್ಲೇ ಇದೆ ಅತ್ತೆ."

ಅವಳು ಸೊಂಟ ಮುಟ್ಟಿ ನೋಡಿಕೊಂಡಳು. ಬಟ್ಟೆಯನ್ನು ಮೂಗಿಗೆ ಹಿಡಿದಳು. ಎಣ್ಣೆಗೆ ಅಂಥ ಕೊಳೆತ ನಾತವಿಲ್ಲ. ಬಗ್ಗಿ ಬೆಕ್ಕಿನ ಬಾಲ ಎತ್ತಿದರೆ ಬುಡದ ಕೂದಲೆಲ್ಲ ಅಂಟಂಟು. "ಮಗಳೇ," ಎಂದಳು. ಬೆಕ್ಕು ತಲೆ ಎತ್ತಲಿಲ್ಲ.

ಪ್ರಾಣಿಗಳ ಆಸ್ಪತ್ರೆಯ ಡಾಕ್ಟರಮ್ಮ ಸ್ಕ್ಯಾನ್ ನೋಡಿ ಹೇಳಿದರು: "ಮರಿ ಇಲ್ಲಮ್ಮ. ಗರ್ಭಕೋಶದ ತುಂಬ ಕೀವು. ಬೆದೆ ಮುಗಿದ ಕೆಲವು ವಾರಕ್ಕೆ ಹೀಗಾಗೋದುಂಟು. ಇವತ್ತೇ ಗರ್ಭಕೋಶ ತೆಗೀಬೇಕು, ಬಿಟ್ರೆ ಉಳಿಯಲ್ಲ."

"ಅಳತೆ ತಗೊಂಡಿದ್ನಲ್ಲಾ..."

"ಹೊರಗೆ ಬಂದದ್ದು ನಿಮ್ಮ ಪುಣ್ಯ. ಕೆಲವಕ್ಕೆ ಕೀವು ಒಳಗೇ ನಿಂತು ಕಲೆಯೂ ಬೀಳಲ್ಲ, ಹೊಟ್ಟೆ ಮಾತ್ರ ಊದುತ್ತೆ."

ಹೊರಗಿನ ಬೆಂಚಿನಲ್ಲಿ ಅತ್ತೆ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಅಂಗಡಿ ತೆಗೆಯಬೇಕಲ್ಲ ಎಂದೆ. "ಅಂಗಡಿಗೆ ಕಾಲಿದ್ಯಾ, ಓಡಿಹೋಗೋಕೆ?" ಎಂದಳು.

ಮಗಳು ಉಳಿದಳು. ಹೊಲಿಗೆ ನೆಕ್ಕದಂತೆ ನೋಡಿಕೊಳ್ಳಿ ಎಂದು ಡಾಕ್ಟರಮ್ಮ ಹೇಳಿ ಕಳಿಸಿದರು. ಯಾವ ಗಿರಾಕಿಗೂ ಹೇಳಿದ ದಿನಕ್ಕೆ ಬಟ್ಟೆ ಕೊಡದ ಅತ್ತೆ, ಮೆತ್ತನೆಯ ಬನಿಯನ್ ಬಟ್ಟೆಯಲ್ಲಿ ನಾಲ್ಕು ಕಾಲಿಗೆ, ಬಾಲಕ್ಕೆ ಕಿಂಡಿ ಬಿಟ್ಟು ಅಂದೇ ಅಂಗಿ ಹೊಲಿದಳು. ಬೆನ್ನಿನ ಗುಂಡಿಗಳು ನನ್ನವು. ಅವುಗಳಲ್ಲೊಂದು ಪಕ್ಕಕ್ಕೆ ಸರಿದಿತ್ತು. ಬಾಣಂತಿಕೋಣೆಯಲ್ಲಿ ಮಲಗಿದ ಬೆಕ್ಕು ಆ ಗಿರಾಕಿಯಂತೆಯೇ ಎಡಕ್ಕೆ ತಿರುಗಿ ನನ್ನನ್ನು ನೋಡಿತು.

ಮರುದಿನ ನಾನು ಬರುವಷ್ಟರಲ್ಲಿ ಎಣ್ಣೆ ಡಬ್ಬಿ ನನ್ನ ಸ್ಟೂಲಿನ ಮೇಲಿತ್ತು.

"ಏನ್ ನೋಡ್ತಾ ನಿಂತೆ?" ಅತ್ತೆ ತಲೆ ಎತ್ತದೆ ಹೇಳಿದಳು. "ಮೆಷಿನ್ನು ಕಿರಕಿರ ಅಂತಿದೆ. ಅವಳಿಗೆ ನಿದ್ದೆ ಬರಲ್ಲ."