ಮುಚ್ಚಳಕ್ಕೆ ನಾಲ್ಕು ತೂತು

ಬೆಳಗಿನ ಐದೂವರೆ. ಹವಳ ಬೆಳೆಸಿ ಮಾರುವ ಕಂಪನಿಯ ಹಿಂದಿನ ಅಂಗಳದಲ್ಲಿ ಉದ್ದನೆಯ ಹಳೆಯ ಕಾರೊಂದು ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿದೆ. ಸೀಟು ಕಳಚಿದ ಹಿಂಭಾಗದಲ್ಲಿ ಹದಿನೆಂಟು ಥರ್ಮಾಕೋಲ್ ಪೆಟ್ಟಿಗೆಗಳು. ನಲವತ್ತೆಂಟು ವರ್ಷದ ಚಾಲಕಿ ಮಂಡಿಯೂರಿ, ಒಂದೊಂದೇ ಮುಚ್ಚಳದ ಟೇಪು ಕಿತ್ತು, ಸ್ಕ್ರೂಡ್ರೈವರ್‌ನಿಂದ ಮೂಲೆಗೊಂದರಂತೆ ನಾಲ್ಕು ತೂತು ಕೊರೆಯುತ್ತಿದ್ದಾರೆ. ಬಾಯಿಂದ ಹಬೆ ಬರುವಷ್ಟು ಚಳಿ.

ಮೂವತ್ತು ದಾಟದ ಮ್ಯಾನೇಜರ್ ಜೇಬಿನಲ್ಲಿ ಕೈಯಿಟ್ಟುಕೊಂಡೇ ಬರುತ್ತಾನೆ. "ಮತ್ತೆ ಶುರು ಮಾಡಿದ್ಯಾ? ತೂತು ಮಾಡಿದ್ರೆ ಬಿಸಿ ಹೋಗುತ್ತೆ ಅಂತ ಎಷ್ಟು ಸಲ ಹೇಳೋದು?"

"ನಿಮ್ಮ ಬಾಯಿ ಮೂಗಿಗೆ ಟೇಪ್ ಸುತ್ತಿ ಕಂಬಳಿ ಹೊದಿಸ್ಲಾ ಸಾರ್? ಎಷ್ಟು ಬೆಚ್ಚಗಿರ್ತೀರಾ ನೋಡೋಣ," ಎನ್ನುತ್ತಾರೆ ಚಾಲಕಿ, ತಲೆ ಎತ್ತದೆ.

ಎಲ್ಲರೂ ಇವರನ್ನು ಬಿಸಿನೀರಕ್ಕ ಎನ್ನುತ್ತಾರೆ. ಹನ್ನೊಂದು ವರ್ಷದಿಂದ ಇವರ ಕೆಲಸ ಒಂದೇ: ತೊಟ್ಟಿಯಲ್ಲಿ ಬೆಳೆಸಿದ ಜೀವಂತ ಹವಳವನ್ನು ಒಂಬತ್ತು ಗಂಟೆ ದೂರದ ಮತ್ಸ್ಯಾಲಯಕ್ಕೆ ತಲುಪಿಸುವುದು. ಹವಳ ಕಲ್ಲಲ್ಲ, ಪ್ರಾಣಿ. ನೀರು ಇಪ್ಪತ್ತೈದು ಡಿಗ್ರಿ ಇದ್ದರೆ ಅದಕ್ಕೆ ನೆಮ್ಮದಿ. ಇಪ್ಪತ್ತಕ್ಕಿಳಿದರೆ ಮುದುಡುತ್ತದೆ, ಇನ್ನೂ ಇಳಿದರೆ ಲೋಳೆ ಬಿಟ್ಟು ಸಾಯುತ್ತದೆ. ಹಾಗಾಗಿ ಪ್ರತಿ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಕಾಗದದಲ್ಲಿ ಸುತ್ತಿದ ಎರಡು ಶಾಖದ ಚೀಲಗಳು, ಪಕ್ಕಕ್ಕೊಂದು ಬಿಸಿನೀರಿನ ಬಾಟಲಿ. ಬಾಟಲಿಗಳಿಗೆಲ್ಲ ಹಳೆಯ ಸ್ವೆಟರಿನ ತೋಳುಗಳ ಅಂಗಿ. ಹೊಲಿದವರು ಇವರ ಅತ್ತೆ.

"ನನ್ನ ಕಾಲು ಐಸಾದ್ರೂ ಕೇಳೋರಿಲ್ಲ, ಅವಳ ಕಲ್ಲುಮಕ್ಕಳಿಗೆ ಮಾತ್ರ ಸ್ವೆಟರ್ರು," ಎಂದು ಅತ್ತೆ ಗೊಣಗುತ್ತಾರೆ. ಗೊಣಗುತ್ತಲೇ ಇನ್ನೊಂದು ತೋಳು ಕತ್ತರಿಸುತ್ತಾರೆ.

ಶಾಖದ ಚೀಲದೊಳಗೆ ಇರುವುದು ಕಬ್ಬಿಣದ ಪುಡಿ. ಗಾಳಿ ಸಿಕ್ಕಿದರಷ್ಟೇ ಅದು ಕಾಯುತ್ತದೆ. ತೂತು ಇರುವುದು ಅದಕ್ಕೇ. ಬಿಸಿ ಸೋರಬಾರದೆಂದು ಪೆಟ್ಟಿಗೆಯನ್ನು ಬಿಗಿಯಾಗಿ ಮುಚ್ಚಿದರೆ ಒಂದೆರಡು ಗಂಟೆಯಲ್ಲಿ ಚೀಲ ತಣ್ಣಗಾಗಿ ಗಟ್ಟಿಯಾಗುತ್ತದೆ. ಹೊಸ ಮ್ಯಾನೇಜರ್ ಕಳೆದ ತಿಂಗಳು ಮಾಡಿದ್ದು ಅದನ್ನೇ. ಮೊದಲೇ ತೂತಿದ್ದ ಮುಚ್ಚಳಗಳನ್ನು ಬದಲಿಸಿ, ಆರು ಪೆಟ್ಟಿಗೆಗೆ ಎರಡೆರಡು ಸುತ್ತು ಟೇಪು ಹಾಕಿಸಿದ್ದ. ಇವರು ಕೆಲಸಕ್ಕೆ ಬರುವ ಮೊದಲೇ ಆ ಪೆಟ್ಟಿಗೆಗಳು ಕಾರಿನಲ್ಲಿ ಉಳಿದವುಗಳ ಅಡಿ ಸೇರಿದ್ದವು. ಆರೂ ಪೆಟ್ಟಿಗೆಯ ಹವಳ ಸತ್ತಿತು.

ಮರುದಿನ ಪ್ಯಾಕಿಂಗ್ ಕೋಣೆಯ ಗೋಡೆಗೆ ಒಂದು ಕಾಗದ ಅಂಟಿತು: "ಸಾವಿಗೆ ಕಾರಣ ಚಾಲಕಿಯ ಅಜಾಗರೂಕತೆ." ಇನ್ನೊಂದು ಪೆಟ್ಟಿಗೆ ಸತ್ತರೆ ಕೆಲಸವಿಲ್ಲ ಎಂದು ಮಾಲೀಕರು ಹೇಳಿಬಿಟ್ಟರು. ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಪದಗಳನ್ನು ಅಳೆದು ತೂಗಿಯೇ ಹೇಳುತ್ತಿದ್ದೇನೆ: ಆ ಕಾಗದದಲ್ಲಿರುವುದು ಸುಳ್ಳು. ಆ ದಿನದ ಒಂದು ಮುಚ್ಚಳ ಇವರ ಅಡುಗೆಮನೆಯಲ್ಲಿದೆ. ಅತ್ತೆ ಅದರ ಮೇಲೆ ಕಾಲಿಟ್ಟು ಕೂರುತ್ತಾರೆ. ಎರಡು ಸುತ್ತು ಟೇಪು, ಮೇಲೆ ಮ್ಯಾನೇಜರನ ಕೈಬರಹದಲ್ಲಿ ತಾರೀಖು, ಒಂದೇ ಒಂದು ತೂತಿಲ್ಲ. ಅದನ್ನು ನೋಡಲು ಬನ್ನಿ ಎಂದು ಮಾಲೀಕರನ್ನು ಎರಡು ಬಾರಿ ಕೇಳಿದೆ. "ದಾರೀಲಿ ಬಾಗಿಲು ತೆಗೆದಿರ್ತಾಳೆ ಬಿಡಿ," ಎಂದರು ಅವರು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಆ ಕಾರಿನಲ್ಲಿ ಕೂತವರಲ್ಲ.

ನಾನು ಕೂತಿದ್ದೇನೆ. ಹೀಟರಿನ ಗಾಳಿ ನೇರ ಪೆಟ್ಟಿಗೆಗೆ ಬಡಿಯದಂತೆ ಇವರು ಮೇಲಕ್ಕೆ ತಿರುಗಿಸಿದ್ದಾರೆ. ಒಳಗೆ ಇಪ್ಪತ್ತೇಳು ಡಿಗ್ರಿ; ಚಾಲಕಿ ತೆಳು ಅಂಗಿಯಲ್ಲಿ ಬೆವರುತ್ತಾರೆ. ಒಂಬತ್ತು ಗಂಟೆಯಲ್ಲಿ ನಿಲ್ಲುವುದು ಎರಡೇ ಸಲ. ಬಾಗಿಲನ್ನು ಗೇಣಗಲ ಮಾತ್ರ ತೆರೆದು, ಅಡ್ಡಡ್ಡ ನುಸುಳಿ, ಬೆವರಿದ ಮೈಯಲ್ಲೇ ಆ ಚಳಿಗೆ ಇಳಿಯುತ್ತಾರೆ. ಬೆಳಗಿನಿಂದ ಕುಡಿದಿರುವುದು ಅರ್ಧ ಲೋಟ ನೀರು. ಕೆಮ್ಮು ಮೂರು ಚಳಿಗಾಲದಿಂದಲೂ ಬಿಟ್ಟಿಲ್ಲ. ಪೆಟ್ಟಿಗೆಗಳಲ್ಲಿ ಹದಿನೆಂಟು ಥರ್ಮಾಮೀಟರ್‌ಗಳಿವೆ. ಈ ಕೆಮ್ಮಿನ ಬಗ್ಗೆ ಕಂಪನಿಯಲ್ಲಿ ಯಾರೂ ಕೇಳಿಲ್ಲ.

ಐದನೇ ಗಂಟೆಯಲ್ಲಿ ಹನ್ನೆರಡನೇ ಪೆಟ್ಟಿಗೆ ಇಪ್ಪತ್ತೆರಡು ತೋರಿಸುತ್ತದೆ. ಇವರು ಕಾರು ಬದಿಗೆ ಹಾಕಿ ಹಿಂದಕ್ಕೆ ತೆವಳುತ್ತಾರೆ. ಬೆಳಗ್ಗೆ ಕೀಳುವಾಗ ಉಳಿದುಹೋದ ಮ್ಯಾನೇಜರನ ಟೇಪಿನ ತುಂಡು ಒಂದು ತೂತಿನ ಮೇಲೆ ಕೂತಿದೆ, ಇನ್ನೊಂದು ಅರ್ಧ ಮುಚ್ಚಿದೆ. ಉಗುರಿನಿಂದ ಕಿತ್ತು, ಫ್ಲಾಸ್ಕಿನ ನೀರು ತುಂಬಿದ ಹೊಸ ಬಾಟಲಿ ಇಟ್ಟು, ಮುಚ್ಚಳಕ್ಕೆ ಕೆನ್ನೆಯಾನಿಸಿ ಕಾಯುತ್ತಾರೆ. "ಬಾರಮ್ಮ, ಬಾ. ಅವನ ಮೇಲಿನ ಸಿಟ್ಟು ನನ್ನ ಮೇಲೆ ತೀರಿಸ್ಬೇಡ." ಅರ್ಧ ಗಂಟೆಗೆ ಇಪ್ಪತ್ತನಾಲ್ಕು.

ಮತ್ಸ್ಯಾಲಯದ ತೊಟ್ಟಿ ನೋಡಿಕೊಳ್ಳುವ ಮುದುಕ ಒಂದೊಂದೇ ಪೆಟ್ಟಿಗೆ ತೆರೆದು, ಹವಳವಿರುವ ನೀರಿನ ಚೀಲ ಬಿಚ್ಚುತ್ತಾನೆ. ಹನ್ನೆರಡನೆಯದಕ್ಕೆ ಬರುವಾಗ ಇವರು ನೋಡುವುದಿಲ್ಲ, ಬಾಟಲಿಯ ಅಂಗಿ ಹಿಂಡುತ್ತಾ ನಿಲ್ಲುತ್ತಾರೆ. "ಏಯ್ ಬಿಸಿನೀರಕ್ಕಾ, ಉಸಿರು ಬಿಡು. ಎಲ್ಲಾ ಬದುಕಿವೆ," ಎನ್ನುತ್ತಾನೆ ಮುದುಕ. ಹದಿನೆಂಟಕ್ಕೆ ಹದಿನೆಂಟು.

ಹಾಗಾದರೆ ಇನ್ನು ಆ ಕಾಗದ ಗೋಡೆಯಿಂದ ಇಳಿಯಬೇಕಲ್ಲವೇ ಎಂದು ಕೇಳುತ್ತೇನೆ. ಇವರು ಸ್ಕ್ರೂಡ್ರೈವರನ್ನು ಒರೆಸಿ ಡ್ಯಾಶ್‌ಬೋರ್ಡಿನಲ್ಲಿಡುತ್ತಾರೆ.

"ಇಳೀದಿದ್ರೂ ಇರ್ಲಿ ಬಿಡಿ. ಮುಚ್ಚಳ ಮುಚ್ಚೋ ಕೆಲಸ ನನ್ಗೇ ಕೊಡ್ಲಿ, ಅಷ್ಟೇ. ಆಮೇಲೆ ಒಂದೇ ಒಂದು ಸತ್ರೂ, ಆ ಕಾಗದದ ಕೆಳಗೆ ನಾನೇ ಸಹಿ ಹಾಕ್ತೀನಿ."